ಅಳೆದ ಮಳೆ, ಊಹಿಸಿದ ಮಳೆ



"ನಿಮ್ಮ ಕಡೆ ಮಳೆ ಹೇಗೆ?" ಎಂದು ಕೇಳುವುದು ನಮ್ಮಲ್ಲಿ ಕುಶಲಪ್ರಶ್ನೆಯ ಒಂದು ಅಂಗ. ಬಂಧುಗಳು ಬಂದು ಕೈಕಾಲು ತೊಳೆದು ಕುಳಿತರೆ, ಮಕ್ಕಳ ಕ್ಷೇಮಸಮಾಚಾರ ಮುಗಿಯುವ ಮುನ್ನವೇ ಈ ಪ್ರಶ್ನೆ ಬಂದುಬಿಡುತ್ತದೆ. "ಹದವಾಗಿ ಆಯಿತು", "ಆರಿದ್ರೆ ಕೈಕೊಟ್ಟಿತು", "ನಮ್ಮೂರಿಗೆ ಬಂತು, ಪಕ್ಕದೂರಿಗೆ ಇಲ್ಲ" ಎಂದು ಉತ್ತರ ಬರುತ್ತದೆ. ಎತ್ತಿನ ಒಂದು ಕೋಡು ನೆನೆದು ಮತ್ತೊಂದು ಕೋಡು ಒಣಗಿರುವಂಥ ಮಳೆ ಎಂದು ಹಿರಿಯರು ಹಾಸ್ಯಮಾಡುವುದೂ ಉಂಟು. ಹಾಸ್ಯವಾದರೂ ಅದರಲ್ಲಿ ದೊಡ್ಡದೊಂದು ತೊಡಕು ಅಡಗಿದೆ. ಮಳೆಯನ್ನು ಅಳೆಯುವುದು ಒಂದು ಕೋಡಿನ ಮೇಲೆ. ಲೆಕ್ಕ ಕೊಡಬೇಕಾದದ್ದು ಇಡೀ ಎತ್ತಿಗೆ, ಇಡೀ ಹೊಲಕ್ಕೆ, ಇಡೀ ದೇಶಕ್ಕೆ. ಅದನ್ನು ಹೇಗೆ ಮಾಡುತ್ತಾರೆ ಎಂಬುದೇ ನನ್ನ ಈ ಹೊತ್ತಿನ ವಿಷಯ.

ನಾನು ಕನ್ನಡ ಪಂಡಿತ. ಹೈಸ್ಕೂಲಿನಲ್ಲಿ ವ್ಯಾಕರಣ, ಛಂದಸ್ಸು ಕಲಿಸುವವನು. ನನಗೂ ಹವಾಮಾನಕ್ಕೂ ಏನು ಸಂಬಂಧ ಎಂದು ತಾವು ಕೇಳಬಹುದು. ನಮ್ಮ ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕವಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ವಿಜ್ಞಾನದ ಮೇಷ್ಟ್ರಿಗೆ ವರ್ಗವಾದಾಗ, ಶಾಲೆಯ ಹತ್ತಿರವೇ ಮನೆಮಾಡಿಕೊಂಡಿದ್ದ ತಪ್ಪಿಗೆ ಅದರ ಬೀಗದ ಕೈ ನನ್ನ ಪಾಲಿಗೆ ಬಂತು. ಹಾಗೆ ಬಂದ ಕೆಲಸ ಹಲವು ವರ್ಷ ನನ್ನನ್ನು ಬಿಡಲಿಲ್ಲ.

ಮಳೆಮಾಪಕವೆಂದರೆ ದೊಡ್ಡ ಯಂತ್ರವೇನೂ ಅಲ್ಲ. ನೆಲದಿಂದ ಮೂವತ್ತು ಸೆಂಟಿಮೀಟರು ಎತ್ತರದಲ್ಲಿ ಬಾಯಿ ತೆರೆದುಕೊಂಡು ನಿಂತ ಒಂದು ಆಲಿಕೆ, ಅದರ ಕೆಳಗೊಂದು ಪಾತ್ರೆ, ಜೊತೆಗೆ ಗೆರೆ ಕೊರೆದ ಒಂದು ಅಳತೆಯ ಗಾಜು. ದಿನವೂ ಬೆಳಗ್ಗೆ ಎಂಟೂವರೆ ಗಂಟೆಗೆ ಹೋಗಿ ಪಾತ್ರೆಯ ನೀರನ್ನು ಗಾಜಿಗೆ ಸುರಿದು, ಅಂಕಿಯನ್ನು ಓದಿ ಪುಸ್ತಕದಲ್ಲಿ ಬರೆಯತಕ್ಕದ್ದು. ನಿನ್ನೆ ಬೆಳಗ್ಗೆ ಎಂಟೂವರೆಯಿಂದ ಇಂದು ಎಂಟೂವರೆಯವರೆಗೆ ಬಿದ್ದದ್ದೆಲ್ಲ ಇಂದಿನ ತಾರೀಖಿನ ಮಳೆ. ನಿನ್ನೆ ಸಂಜೆ ಗುಡುಗಿ ಸುರಿದದ್ದು ಇಂದಿನ ಲೆಕ್ಕಕ್ಕೆ ಹೋಗುವುದು ಮೊದಮೊದಲು ನನಗೂ ವಿಚಿತ್ರವಾಗಿ ಕಂಡಿತು. ತಿಥಿಯನ್ನು ಸೂರ್ಯೋದಯದಿಂದ ಎಣಿಸುವವರಿಗೆ ಇದು ಅಷ್ಟು ಹೊಸತಾಗಬಾರದು ಎಂದು ಸಮಾಧಾನ ಮಾಡಿಕೊಂಡೆ.

ಈ ಅಭ್ಯಾಸ ನಮ್ಮ ದೇಶಕ್ಕೆ ಪರಕೀಯವೂ ಅಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಓಲೆಗರಿಯ ಕಟ್ಟೊಂದರಲ್ಲಿ ಗುರುತಿಸಿ ೧೯೦೯ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಕೋಷ್ಠಾಗಾರದ ಮುಂದೆ ಒಂದು ಮೊಳ ಅಗಲದ ಬಾಯಿಯುಳ್ಳ ಪಾತ್ರೆಯನ್ನು ಮಳೆ ಅಳೆಯಲು ಇಡಬೇಕೆಂಬ ವಿಧಿಯಿದೆ. ಅಷ್ಟೇ ಅಲ್ಲ, ಯಾವ ಸೀಮೆಗೆ ಎಷ್ಟು ಮಳೆ ಎಂಬ ಪಟ್ಟಿಯೂ ಉಂಟು. ಒಣನೆಲಕ್ಕೆ ಹದಿನಾರು ದ್ರೋಣ, ತೇವದ ನೆಲಕ್ಕೆ ಅದರ ಒಂದೂವರೆಯಷ್ಟು. ಅಶ್ಮಕಕ್ಕೆ ಹದಿಮೂರೂವರೆ, ಅವಂತಿಗೆ ಇಪ್ಪತ್ತಮೂರು. ಪಶ್ಚಿಮ ಕಡಲ ಸೀಮೆಯಾದ ಅಪರಾಂತಕ್ಕೆ ಮಾತ್ರ ಅಳತೆಯಿಲ್ಲದಷ್ಟು. ಕೊಂಕಣದ ಮಳೆಯನ್ನು ಕಂಡವರು ಆ ಮಾತಿಗೆ ತಲೆದೂಗುತ್ತಾರೆ. ಅದಿರಲಿ. ಪಾತ್ರೆ ಇರುವುದು ಉಗ್ರಾಣದ ಮುಂದೆ, ಪಟ್ಟಿ ಇರುವುದು ಸೀಮೆಗೆ. ಒಂದು ಪಾತ್ರೆಯ ಮಾತನ್ನು ಒಂದು ಸೀಮೆಯ ಮಾತಾಗಿ ಮಾಡುವ ಕೆಲಸ ಅಂದೇ ಶುರುವಾಗಿತ್ತು.

ಭಾರತ ಹವಾಮಾನ ಇಲಾಖೆ ಸ್ಥಾಪನೆಯಾದದ್ದು ೧೮೭೫ರಲ್ಲಿ. ಆ ಬಳಿಕ ತಾಲ್ಲೂಕು ಕಚೇರಿ, ಪ್ರವಾಸಿ ಬಂಗಲೆ, ಕೃಷಿ ಕ್ಷೇತ್ರ, ಆಸ್ಪತ್ರೆ, ಶಾಲೆ ಹೀಗೆ ಸಿಕ್ಕಿದಲ್ಲೆಲ್ಲ ಮಾಪಕಗಳು ನಿಂತವು. ಮಲೆನಾಡಿನ, ಕೊಡಗಿನ ಕಾಫಿ ತೋಟದವರು ತಮ್ಮ ತಮ್ಮ ಬಂಗಲೆಯ ಮುಂದೆ ಮಾಪಕ ನೆಟ್ಟು, ಇಷ್ಟು ಇಂಚು ಇಷ್ಟು ಸೆಂಟು ಎಂದು ತಲೆಮಾರುಗಳಿಂದ ಬರೆದಿಟ್ಟಿದ್ದಾರೆ. ಒಟ್ಟಿನಲ್ಲಿ ಮಾಪಕಗಳು ಜನರಿದ್ದ ಕಡೆ ನಿಂತವು, ಮಳೆಯಿದ್ದ ಕಡೆ ಅಲ್ಲ. ಒಂದೆಡೆ ಹತ್ತು ಮಾಪಕ ಒತ್ತಟ್ಟಿಗೆ, ಇನ್ನೊಂದೆಡೆ ಕಾಡು ಬೆಟ್ಟಗಳಲ್ಲಿ ಹತ್ತಾರು ಮೈಲಿಗೂ ಒಂದಿಲ್ಲ. ಎಲ್ಲವನ್ನೂ ಕೂಡಿ ಭಾಗಿಸಿ ಸರಾಸರಿ ತೆಗೆದರೆ ಅದು ಗುಂಪಾಗಿ ನಿಂತವರ ಮಾತೇ ಆಗುತ್ತದೆಯೇ ಹೊರತು ನಾಡಿನ ಮಾತಾಗುವುದಿಲ್ಲ.

ಆದ್ದರಿಂದ ವಿದ್ವಾಂಸರು ಒಂದು ಉಪಾಯ ಮಾಡಿದರು. ನಮ್ಮ ಹೆಣ್ಣುಮಕ್ಕಳು ರಂಗೋಲಿಗೆ ಮೊದಲು ಚುಕ್ಕಿ ಇಡುವುದಿಲ್ಲವೇ? ಹಾಗೆ ದೇಶದ ನಕ್ಷೆಯ ಮೇಲೆ ಅಕ್ಷಾಂಶ ರೇಖಾಂಶಗಳನ್ನು ಹಿಡಿದು ಸಮದೂರದಲ್ಲಿ ಸಾಲುಸಾಲಾಗಿ ಚುಕ್ಕಿಗಳನ್ನು ಇಟ್ಟರು. ಮಾಪಕಗಳು ಚೆಲ್ಲಿದ ಕಾಳಿನಂತೆ ಅಸ್ತವ್ಯಸ್ತ, ಚುಕ್ಕಿಗಳು ಶಿಸ್ತಾಗಿವೆ. ಇನ್ನು ಒಂದೊಂದು ಚುಕ್ಕಿಗೂ ಸುತ್ತಲಿನ ಮಾಪಕಗಳ ಸಾಕ್ಷ್ಯದಿಂದ ಒಂದು ಅಂಕಿಯನ್ನು ಕಟ್ಟಿಕೊಡಬೇಕು. ಹೀಗೆ ಕಟ್ಟಿದ ಲೆಕ್ಕವನ್ನು ಚೌಕುಳಿ ಲೆಕ್ಕ ಎನ್ನೋಣ.

ಪುಣೆಯ ಹವಾಮಾನ ಕಚೇರಿಯಲ್ಲಿ ರಾಜೀವನ್ ಮತ್ತು ಅವರ ಸಂಗಡಿಗರು ಹೀಗೆ ಒಂದೊಂದು ಡಿಗ್ರಿಗೆ ಒಂದು ಚುಕ್ಕಿ ಇಟ್ಟು ೧೯೫೧ರಿಂದ ೨೦೦೩ರವರೆಗಿನ ದಿನದಿನದ ಮಳೆಯ ಲೆಕ್ಕವನ್ನು ಸಿದ್ಧಪಡಿಸಿದರು. ಅದು ಪ್ರಕಟವಾದದ್ದು ೨೦೦೬ರಲ್ಲಿ. ಆಮೇಲೆ ೨೦೧೪ರಲ್ಲಿ ಡಿ. ಎಸ್. ಪೈ ಮತ್ತು ಸಂಗಡಿಗರು ಕಾಲು ಡಿಗ್ರಿಗೆ ಒಂದು ಚುಕ್ಕಿ ಇಟ್ಟು, ೧೯೦೧ರಿಂದ ೨೦೧೦ರವರೆಗೆ ನೂರಹತ್ತು ವರ್ಷಗಳ ಲೆಕ್ಕವನ್ನು ಕೊಟ್ಟರು. ಉದ್ದಕ್ಕೆ ೧೩೫, ಅಡ್ಡಕ್ಕೆ ೧೨೯, ಒಟ್ಟು ೧೭,೪೧೫ ಚುಕ್ಕಿಗಳು. ಅವುಗಳಲ್ಲಿ ನಮ್ಮ ದೇಶದ ನೆಲದ ಮೇಲೆ ಬೀಳುವವು ಐದು ಸಾವಿರದ ಹತ್ತಿರ. ನಮ್ಮ ನಾಡಿನ ಅಕ್ಷಾಂಶದಲ್ಲಿ ಇಂಥ ಒಂದು ಚೌಕದ ಬದಿ ಸುಮಾರು ೨೭ ಕಿಲೋಮೀಟರು, ವಿಸ್ತಾರ ಸುಮಾರು ೭೫೦ ಚದರ ಕಿಲೋಮೀಟರು. ಮಾಪಕದ ಬಾಯಿಯಾದರೋ ೨೦೦ ಚದರ ಸೆಂಟಿಮೀಟರು. ಒಂದು ಚೌಕಕ್ಕೆ ಒಂದೇ ಮಾಪಕವಿದ್ದರೆ, ಅದು ತನಗಿಂತ ಮೂರು ಸಾವಿರದ ಏಳುನೂರು ಕೋಟಿ ಪಾಲಿಗೂ ಮಿಕ್ಕ ನೆಲದ ಪರವಾಗಿ ಸಾಕ್ಷಿ ನುಡಿಯಬೇಕಾಗುತ್ತದೆ. ಈ ಲೆಕ್ಕವನ್ನು ಮಾಡಿ ನೋಡಿದ ದಿನದಿಂದ ಮಾಪಕದ ಮುಂದೆ ಬಗ್ಗುವಾಗ ನನಗೆ ಸ್ವಲ್ಪ ಅಳುಕೇ ಆಗುತ್ತಿತ್ತು.

ಸಾಕ್ಷ್ಯವನ್ನು ತೂಗುವ ಬಗೆ ಹೇಗೆ? ಹಾರ್ವರ್ಡಿನ ಡೊನಾಲ್ಡ್ ಶೆಪರ್ಡ್ ಎಂಬವರು ೧೯೬೮ರಲ್ಲಿ ಹೇಳಿದ ವಿಧಾನವನ್ನೇ ನಮ್ಮವರು ಮಳೆಗೆ ಬಳಸಿದರು. ಅದರ ತಿರುಳು ಇಷ್ಟೇ: ಹತ್ತಿರದವನ ಮಾತಿಗೆ ಹೆಚ್ಚು ತೂಕ, ದೂರದವನ ಮಾತಿಗೆ ಕಡಿಮೆ, ದೂರ ಇಮ್ಮಡಿಯಾದರೆ ತೂಕ ಕಾಲುಪಾಲು. ಒಂದು ಚುಕ್ಕಿಯಿಂದ ಐದು ಕಿಲೋಮೀಟರಿನಲ್ಲಿ ಒಂದು ಮಾಪಕ, ಅಲ್ಲಿ ೪೦ ಮಿಲಿಮೀಟರು ಮಳೆ. ಹತ್ತು ಕಿಲೋಮೀಟರಿನಲ್ಲಿ ಇನ್ನೊಂದು, ಅಲ್ಲಿ ೨೦. ಇಪ್ಪತ್ತು ಕಿಲೋಮೀಟರಿನಲ್ಲಿ ಮೂರನೆಯದು, ಅಲ್ಲಿ ಹನಿಯೂ ಇಲ್ಲ ಎನ್ನಿ. ತೂಕಗಳು ೧೬, ೪, ೧ ಎಂದಾಗುತ್ತವೆ. ಹದಿನಾರು ನಲವತ್ತಲ ೬೪೦, ನಾಲ್ಕು ಇಪ್ಪತ್ತಲ ೮೦, ಮೂರನೆಯದು ಸೊನ್ನೆ. ಒಟ್ಟು ೭೨೦ನ್ನು ೨೧ರಿಂದ ಭಾಗಿಸಿದರೆ ೩೪ ಮಿಲಿಮೀಟರು ಚಿಲ್ಲರೆ. ಚುಕ್ಕಿಯ ಮಳೆ ಅಷ್ಟು. ಈ ಅಂಕಿಗಳನ್ನು ತಾವು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇವುಗಳ ಕೆಲಸವಿದೆ.

ಶೆಪರ್ಡರ ಇನ್ನೊಂದು ಸೂಕ್ಷ್ಮ ನನಗೆ ಬಹಳ ಹಿಡಿಸಿತು. ಎರಡು ಮಾಪಕಗಳು ಒಂದೇ ದಿಕ್ಕಿನಲ್ಲಿ ಅಕ್ಕಪಕ್ಕ ನಿಂತಿದ್ದರೆ ಅವುಗಳನ್ನು ಎರಡು ಸಾಕ್ಷಿಗಳೆಂದು ಪೂರ್ತಿಯಾಗಿ ಎಣಿಸಕೂಡದು, ತೂಕವನ್ನು ಇಳಿಸಬೇಕು. ನಮ್ಮ ಪಂಚಾಯಿತಿ ಕಟ್ಟೆಯ ನ್ಯಾಯವೂ ಇದೇ. ಒಂದೇ ಮನೆಯ ಅಣ್ಣತಮ್ಮಂದಿರು ಇಬ್ಬರೂ ಒಂದೇ ಮಾತು ಹೇಳಿದರೆ ಅದು ಎರಡು ಸಾಕ್ಷಿಯಾಗುವುದಿಲ್ಲ.

ಆದರೆ ದೂರವೊಂದನ್ನೇ ನಂಬಿದರೆ ಘಟ್ಟದ ಸೀಮೆಯಲ್ಲಿ ಮೋಸಹೋಗುತ್ತೇವೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ. ಅಲ್ಲಿಂದ ಹಕ್ಕಿ ಹಾರುವ ದಾರಿಯಲ್ಲಿ ಎಪ್ಪತ್ತು ಕಿಲೋಮೀಟರು ಬಂದರೆ ಶಿವಮೊಗ್ಗ. ಅಲ್ಲಿ ಸಾವಿರದ ಆಸುಪಾಸು. ನಡುವಿನ ಇಳಿತ ಮೆಟ್ಟಿಲಿನಂತೆ ಸಮನಾಗಿಲ್ಲ. ಘಟ್ಟದ ಅಂಚು ದಾಟಿದೊಡನೆ ಥಟ್ಟನೆ ಕಡಿದುಬೀಳುತ್ತದೆ. ನಡುವೆ ಮಾಪಕವಿಲ್ಲದಿದ್ದರೆ ಲೆಕ್ಕ ಮಾಡುವವನು ಒಣ ಇಳಿಜಾರಿಗೆ ಆಗುಂಬೆಯ ಮಳೆಯಲ್ಲಿ ಪಾಲು ಹಂಚಿಬಿಡುತ್ತಾನೆ. ಅಮೆರಿಕದ ಆರೆಗನ್ನಿನಲ್ಲಿ ಕ್ರಿಸ್ಟೋಫರ್ ಡೇಲಿ ಮತ್ತು ಸಂಗಡಿಗರು ೧೯೯೪ರಲ್ಲಿ ಇದಕ್ಕೆ ಪರಿಹಾರ ತೋರಿದರು. ದೂರದ ಜೊತೆಗೆ ಎತ್ತರವನ್ನೂ, ಇಳಿಜಾರು ಯಾವ ದಿಕ್ಕಿಗೆ ಮುಖಮಾಡಿದೆ ಎಂಬುದನ್ನೂ ಲೆಕ್ಕಕ್ಕೆ ತಂದರು. ಗಾಳಿಗೆ ಎದೆಯೊಡ್ಡಿದ ಬೆಟ್ಟದ ಮಗ್ಗುಲಿಗೂ ಬೆನ್ನಿನ ಮಗ್ಗುಲಿಗೂ ನೆಂಟಸ್ತಿಕೆ ಕಡಿಮೆ.

ಉಷ್ಣತೆಯ ಲೆಕ್ಕ ಇದಕ್ಕಿಂತ ಸುಲಭ. ಭಾರತದ ಉಷ್ಣತೆಗೆ ೨೦೦೯ರಲ್ಲಿ ಪ್ರಕಟವಾದ ಚೌಕುಳಿ ಲೆಕ್ಕವನ್ನು ಕೇವಲ ೩೯೫ ಕೇಂದ್ರಗಳಿಂದ ಕಟ್ಟಿದರು. ಮಳೆಯಂತೆ ಬಿಸಿಲು ಕೋಡಿಗೊಂದು ಬಗೆಯಾಗಿರುವುದಿಲ್ಲವಷ್ಟೆ. ಎತ್ತರದ ಪ್ರಶ್ನೆ ಮಾತ್ರ ಉಂಟು. ಸಾವಿರ ಮೀಟರು ಏರಿದರೆ ಸರಾಸರಿಯಲ್ಲಿ ಆರೂವರೆ ಡಿಗ್ರಿ ತಂಪು. ಮೈಸೂರಿಗಿಂತ ಚಾಮುಂಡಿಬೆಟ್ಟ ಸುಮಾರು ಮುನ್ನೂರು ಮೀಟರು ಎತ್ತರ. ಎರಡು ಡಿಗ್ರಿಯ ವ್ಯತ್ಯಾಸ. ಇದಕ್ಕೊಂದು ಜಾಣತನದ ದಾರಿಯಿದೆ. ನಮ್ಮ ತರಗತಿಯಲ್ಲಿ ಒಬ್ಬ ಹುಡುಗ ಸದಾ ಎಂಬತ್ತು ಅಂಕ ತೆಗೆಯುವವನು, ಇನ್ನೊಬ್ಬ ನಲವತ್ತರವನು. ಪ್ರಶ್ನೆಪತ್ರಿಕೆ ಕಠಿಣವಾದರೆ ಇಬ್ಬರಿಗೂ ಐದೈದು ಅಂಕ ಕಡಿಮೆಯಾಗುತ್ತದೆ. ಮೊದಲನೆಯವನ ಅಂಕ ನೋಡಿ ಎರಡನೆಯವನ ಅಂಕವನ್ನು ಹೇಳಲಾರೆ. ಆದರೆ ಮೊದಲನೆಯವನು ವಾಡಿಕೆಗಿಂತ ಎಷ್ಟು ಇಳಿದ ಎಂಬುದರಿಂದ ಎರಡನೆಯವನ ಇಳಿತವನ್ನು ಹೇಳಬಲ್ಲೆ. ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಲೋಕಕ್ಕೆಲ್ಲ ಅರ್ಧ ಡಿಗ್ರಿಯ ಚೌಕುಳಿ ಲೆಕ್ಕ ಕಟ್ಟಿದವರು ಮಾಡಿದ್ದೂ ಇದೇ. ಪ್ರತಿ ಊರಿನ ಬಹುಕಾಲದ ವಾಡಿಕೆಯನ್ನು ಬೇರೆ ಇಟ್ಟು, ವಾಡಿಕೆಯಿಂದ ಆದ ಏರಿಳಿತವನ್ನಷ್ಟೇ ಊರಿಂದೂರಿಗೆ ಹರಡಿ, ಕೊನೆಗೆ ಎರಡನ್ನೂ ಕೂಡಿಸಿದರು.

ಇನ್ನು ನನ್ನ ಮನೆತನದ ವಿದ್ಯೆಗೆ ಹತ್ತಿರದ ಮಾತು. ಈ ಕೆಲಸವನ್ನು ತಿಳಿದಷ್ಟೂ ನನಗೆ ಗ್ರಂಥಸಂಪಾದನೆಯ ನೆನಪಾಯಿತು. ಹಳಗನ್ನಡ ಕಾವ್ಯವೊಂದಕ್ಕೆ ಐದಾರು ಓಲೆಪ್ರತಿಗಳಿದ್ದರೆ, ಒಂದರಲ್ಲಿ ಗರಿ ಮುರಿದಿರುತ್ತದೆ, ಒಂದರಲ್ಲಿ ಹುಳು ತಿಂದಿರುತ್ತದೆ, ಮತ್ತೊಂದರಲ್ಲಿ ಲಿಪಿಕಾರ ಪಕಾರಕ್ಕೆ ವಕಾರ ಬರೆದಿರುತ್ತಾನೆ. ಮಳೆಯ ಪುಸ್ತಕಗಳ ಪಾಡೂ ಅದೇ. ದಶಮಾಂಶದ ಚುಕ್ಕಿ ಬಿಟ್ಟುಹೋಗಿ ೧೨.೪ ಎಂಬುದು ೧೨೪ ಆಗುತ್ತದೆ. ಮೆಟ್ರಿಕ್ ಪದ್ಧತಿ ಬರುವ ಮೊದಲಿನ ಇಂಚು ಸೆಂಟುಗಳು ಹಾಗೆಯೇ ಮಿಲಿಮೀಟರಿನ ಖಾನೆಗೆ ನುಸುಳುತ್ತವೆ. ಮಾಪಕವನ್ನು ಅಂಗಳದಿಂದ ಹಿತ್ತಿಲಿಗೆ ಒಯ್ದಿರುತ್ತಾರೆ. ಪಕ್ಕದಲ್ಲಿ ನೆಟ್ಟ ಸಸಿ ಇಪ್ಪತ್ತು ವರ್ಷದಲ್ಲಿ ಮರವಾಗಿ ಮಳೆಯನ್ನು ಮರೆಮಾಡುತ್ತದೆ. ಪುಸ್ತಕ ಮಾತ್ರ ಏನೂ ಆಗದಂತೆ ಮುಂದುವರಿಯುತ್ತದೆ. ಇವನ್ನೆಲ್ಲ ನೆರೆಯ ಪ್ರತಿಗಳೊಡನೆ ಹೋಲಿಸಿ ತಿದ್ದಬೇಕು.

ಸಂಪಾದಕನ ಮುಂದೆ ಒಂದು ಧರ್ಮಸಂಕಟ ಸದಾ ಇರುತ್ತದೆ. ಕೊರತೆಯಿಲ್ಲದ ಪ್ರತಿಗಳನ್ನಷ್ಟೇ ತೆಗೆದುಕೊಳ್ಳುವುದೋ, ಚೂರುಪಾರುಗಳನ್ನೂ ಸೇರಿಸುವುದೋ? ರಾಜೀವನ್ನರ ತಂಡ ಮೊದಲ ದಾರಿ ಹಿಡಿಯಿತು. ನೂರಕ್ಕೆ ತೊಂಬತ್ತು ದಿನಗಳಾದರೂ ದಾಖಲೆಯಿದ್ದ ೧,೮೦೩ ಕೇಂದ್ರಗಳನ್ನು ಮಾತ್ರ ಆರಿಸಿತು. ಪೈ ಅವರ ತಂಡ ಎರಡನೆಯ ದಾರಿ ಹಿಡಿದು ೬,೯೫೫ ಕೇಂದ್ರಗಳನ್ನು ಒಳಗೊಂಡಿತು. ಇವೆಲ್ಲ ಒಂದೇ ದಿನ ಒಟ್ಟಿಗೆ ಮಾತಾಡಿದ್ದಿಲ್ಲ. ಒಂದು ಹುಟ್ಟುವಾಗ ಒಂದು ಮುಚ್ಚಿರುತ್ತದೆ. ಮೊದಲನೆಯ ಲೆಕ್ಕದಲ್ಲಿ ವಿವರ ಕಡಿಮೆ, ಕಾಲದಿಂದ ಕಾಲಕ್ಕೆ ಹೋಲಿಸಲು ನೆಮ್ಮದಿ ಹೆಚ್ಚು. ಎರಡನೆಯದರಲ್ಲಿ ವಿವರ ಹೆಚ್ಚು, ಆದರೆ ಮಳೆ ಬದಲಾಯಿತೋ ಮಾಪಕಗಳ ಸಂಖ್ಯೆ ಬದಲಾಯಿತೋ ಎಂದು ಒಂದೊಂದು ಸಲ ಶಂಕೆ ಬರುತ್ತದೆ. ಲಿನ್ ಮತ್ತು ಹೈಬರ್ಸ್ ಎಂಬ ಇಬ್ಬರು ವಿದ್ವಾಂಸರು ೨೦೧೯ರಲ್ಲಿ ಭಾರತದ ಭಾರಿ ಮಳೆಗಳ ವಿಚಾರವಾಗಿ ಈ ಶಂಕೆಯನ್ನೇ ಎತ್ತಿದರು. ಮಳೆ ಬಿದ್ದೂ ಯಾರೂ ವರದಿ ಮಾಡದಿದ್ದರೆ ಇತಿಹಾಸ ಏನಾದೀತು ಎಂಬುದು ಅವರ ಪ್ರಶ್ನೆಯ ಸಾರ. ನನ್ನನ್ನು ಕೇಳಿದರೆ ಎರಡು ಆವೃತ್ತಿಗಳೂ ಬೇಕು. ಯಾವ ಕೆಲಸಕ್ಕೆ ಯಾವುದು ಎಂಬುದನ್ನು ಮಾತ್ರ ಮರೆಯಬಾರದು.

ಊಹೆ ಎಷ್ಟು ಸರಿ ಎಂಬುದನ್ನು ಪರೀಕ್ಷಿಸುವ ಬಗೆಯೂ ಇದೆ. ಗುರುಗಳು ಪೂರ್ತಿಯಿರುವ ಪದ್ಯದ ಒಂದು ಪದವನ್ನು ಬೆರಳಿನಿಂದ ಮುಚ್ಚಿ, ಇಲ್ಲಿ ಯಾವ ಪದವಿರಬೇಕು ಎಂದು ಕೇಳುತ್ತಿದ್ದರಲ್ಲ, ಹಾಗೆ. ಇರುವ ಮಾಪಕವೊಂದನ್ನು ಮುಚ್ಚಿಟ್ಟು, ಉಳಿದವುಗಳಿಂದ ಅದರ ಮಳೆಯನ್ನು ಊಹಿಸಿ, ಆಮೇಲೆ ಬೆರಳು ತೆಗೆದು ನೋಡುವುದು.

ಆದರೆ ಗ್ರಂಥಸಂಪಾದಕ ತಾನು ತುಂಬಿದ ಅಕ್ಷರವನ್ನು ಕಂಸದೊಳಗಿಡುತ್ತಾನೆ. ಚೌಕುಳಿಯಲ್ಲಿ ಆ ಕಂಸ ಕಣ್ಣಿಗೆ ಬೀಳುವುದಿಲ್ಲ. ಅಳೆದ ಚೌಕಕ್ಕೂ ಊಹಿಸಿದ ಚೌಕಕ್ಕೂ ಒಂದೇ ಮುಖ, ಒಂದೇ ದಶಮಾಂಶ. ಒಂದು ಸಾಮಾನ್ಯ ದೋಷವನ್ನೂ ಹೇಳಿಬಿಡುತ್ತೇನೆ. ಹಂಚುವುದರಿಂದ ಭಾರಿ ಮಳೆ ಮೊಂಡಾಗುತ್ತದೆ, ಒಣದಿನಕ್ಕೆ ತುಂತುರು ಅಂಟಿಕೊಳ್ಳುತ್ತದೆ. ೨೦೦೫ನೆಯ ಇಸವಿ ಜುಲೈ ೨೬ರ ಮುಂಬಯಿಯನ್ನು ನೆನೆಯಿರಿ. ಸಾಂತಾಕ್ರೂಜ್‌ನಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ ೯೪೪ ಮಿಲಿಮೀಟರು. ಅದೇ ಊರಿನ ಕೊಲಾಬಾದಲ್ಲಿ ೭೩. ನಡುವೆ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸು ದೂರ. ಎರಡರ ಸರಾಸರಿ ೫೦೮.೫. ಅಷ್ಟು ಮಳೆ ಆ ಎರಡು ಕಡೆಗಳಲ್ಲಿ ಎಲ್ಲಿಯೂ ಬಿದ್ದಿರಲಿಲ್ಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಇಂಥ ಲೆಕ್ಕಗಳನ್ನು ಕಂಪ್ಯೂಟರಿನಲ್ಲಿ ಮಾಡುತ್ತಾನೆ. ದೇಶದ ಗಡಿಯಾಚೆಯ ಚೌಕಗಳಿಗೆ ಕಡತದಲ್ಲಿ ಋಣ ೯೯೯ ಎಂದು ಬರೆದಿರುತ್ತದಂತೆ. ಇಲ್ಲಿ ಲೆಕ್ಕವಿಲ್ಲ ಎಂಬುದಕ್ಕೆ ಅದು ಗುರುತು. ಮೊದಲ ದಿನ ಇವನು ಅರಿಯದೆ ಅದನ್ನೂ ಕೂಡಿಸಿ ಸರಾಸರಿ ತೆಗೆದು, ಮೋಡಗಳು ನೆಲದಿಂದ ನೀರು ಹೀರಿಕೊಂಡ ಲೆಕ್ಕ ಬಂದು ಗಾಬರಿಯಾದನಂತೆ. ಅವನು ನಕ್ಕ, ನಾನೂ ನಕ್ಕೆ. ಆದರೆ ನನ್ನ ನಗು ಅರ್ಧಕ್ಕೆ ನಿಂತಿತು. ಏಕೆಂದರೆ "ಇಲ್ಲಿ ಲೆಕ್ಕವಿಲ್ಲ" ಎಂದು ಬರೆಯಬೇಕಾದ ಕಡೆ ನಾನು ಒಮ್ಮೆ ಬರೆದದ್ದು ಬೇರೆ.

ಒಂದು ವರ್ಷ ಕಾರ್ತಿಕದಲ್ಲಿ ಸೋದರ ಸೊಸೆಯ ಮದುವೆಗೆಂದು ಎರಡು ದಿನ ಊರಿನಲ್ಲಿರಲಿಲ್ಲ. ಗದ್ದೆಗಳಲ್ಲಿ ಭತ್ತ ಕೊಯ್ದು ಹಾಸಿತ್ತು. ಹಿಂತಿರುಗಿ ಬಂದಾಗ ನೆಲ ಒದ್ದೆ. ಮಾಪಕದ ಪಾತ್ರೆಯನ್ನು ಯಾರೋ ಹುಡುಗರು ಎತ್ತಿ ಚೆಲ್ಲಿ ಮತ್ತೆ ಇಟ್ಟಿದ್ದರು. ಅಳೆಯಲು ಏನೂ ಉಳಿದಿರಲಿಲ್ಲ. ಖಾನೆ ಖಾಲಿ ಬಿಡಬಾರದೆಂಬ ಹೆದರಿಕೆ ನನಗೆ. ಸೊನ್ನೆ ಬರೆದೆ.

ತಿಂಗಳೆರಡು ಕಳೆದ ಮೇಲೆ ಹತ್ತಿರದ ಹಳ್ಳಿಯ ವೃದ್ಧರೊಬ್ಬರು ಶಾಲೆಗೆ ಬಂದರು. ಅವರ ಮೊಮ್ಮಗ ನನ್ನ ತರಗತಿಯಲ್ಲಿದ್ದ. ಬೆಳೆ ಪರಿಹಾರದ ಅರ್ಜಿಗೆ, ಆ ದಿನ ಮಳೆಯೇ ದಾಖಲಾಗಿಲ್ಲ ಎಂದು ಜವಾಬು ಬಂದಿತ್ತು. ಕಾಗದವನ್ನು ನನ್ನ ಮುಂದೆ ಹಿಡಿದು, "ಮೇಷ್ಟ್ರೇ, ಆವತ್ತು ಮಳೆ ಬಂದಿರ್ಲಿಲ್ವಾ?" ಎಂದು ಕೇಳಿದರು. ಆಕ್ಷೇಪಣೆಯ ಧ್ವನಿಯಲ್ಲ, ತಮ್ಮ ನೆನಪೇ ತಪ್ಪಿತೇನೋ ಎಂಬ ಧ್ವನಿ. "ಬಂದಿತ್ತು ಗೌಡ್ರೇ, ನಾನು ಅಳೀಲಿಲ್ಲ" ಎಂದೆ. ಅವರಿಗೆ ಅದು ಅರ್ಥವಾಗಲಿಲ್ಲ. ಮಳೆ ಬಂದಿದ್ದರೆ ಇಲ್ಲವೆಂದು ಯಾಕೆ ಬರೆಯುತ್ತಾರೆ? ನಾನು ಇದ್ದದ್ದನ್ನು ಇದ್ದಂತೆ ಬರೆದು ಸಹಿಮಾಡಿ ಕೊಟ್ಟೆ. ಪುಸ್ತಕ ತಿದ್ದಿತು, ಆ ವರ್ಷದ ಪರಿಹಾರದ ಗಡುವು ಮಾತ್ರ ಮುಗಿದುಹೋಗಿತ್ತು.

ಈಗ ಆಗಲೇ ಹೇಳಿದ ಅಂಕಿಗಳಿಗೆ ಬನ್ನಿ. ಐದು ಕಿಲೋಮೀಟರಿನ ಆ ಮಾಪಕದವನು ಅಳತೆ ತಪ್ಪಿಸಿದ ಎನ್ನಿ. ಅವನು ಖಾನೆಯನ್ನು ಖಾಲಿ ಬಿಟ್ಟರೆ, ಉಳಿದ ಎರಡರ ತೂಕ ನಾಲ್ಕು ಮತ್ತು ಒಂದು. ೮೦ನ್ನು ೫ರಿಂದ ಭಾಗಿಸಿದರೆ ಚುಕ್ಕಿಯ ಮಳೆ ೧೬ ಮಿಲಿಮೀಟರು. ನಿಜಕ್ಕೆ ಅರ್ಧದಷ್ಟಾದರೂ ಬಂತು. ಅವನು ಸೊನ್ನೆ ಬರೆದರೆ, ಆ ಸೊನ್ನೆಗೆ ಹದಿನಾರರ ತೂಕ; ೮೦ನ್ನು ೨೧ರಿಂದ ಭಾಗಿಸಬೇಕು. ನಾಲ್ಕು ಮಿಲಿಮೀಟರೂ ತುಂಬುವುದಿಲ್ಲ. ನನ್ನ ಸೊನ್ನೆ ನನ್ನ ಹಳ್ಳಿಯಲ್ಲಿ ಮಾತ್ರ ಉಳಿಯದೆ, ಸುತ್ತಲಿನ ಚುಕ್ಕಿಗಳಿಗೂ ಹೋಗಿ, ಅಲ್ಲಿ ನಿಜವಾಗಿ ಅಳೆದವರ ಮಾತನ್ನೂ ಒತ್ತಿಹಿಡಿದಿರಬೇಕು.

ಕರ್ನಾಟಕದಲ್ಲಿ ಈಗ ಗ್ರಾಮಪಂಚಾಯಿತಿಗಳ ಮಟ್ಟಕ್ಕೆ ಇಳಿದು ಆರು ಸಾವಿರಕ್ಕೂ ಮಿಕ್ಕಿ ಸ್ವಯಂಚಾಲಿತ ಮಾಪಕಗಳಿವೆ. ಅವು ಮದುವೆಗೆ ಹೋಗುವುದಿಲ್ಲ. ಆದರೂ ಆಲಿಕೆಗೆ ಎಲೆ ಬೀಳುತ್ತದೆ, ಜೇಡ ಬಲೆ ಕಟ್ಟುತ್ತದೆ. ಕಟ್ಟಿಕೊಂಡ ಆಲಿಕೆಯೂ ಸೊನ್ನೆಯನ್ನೇ ಹೇಳುತ್ತದೆ. ತಮ್ಮೂರಿನ ಪಂಚಾಯಿತಿ ಕಟ್ಟಡದ ಬಳಿ ಅಂಥದೊಂದು ಕಂಡರೆ, ಮಳೆಗಾಲಕ್ಕೆ ಮುಂಚೆ ಒಮ್ಮೆ ಅದರ ಬಾಯಿಯನ್ನು ನೋಡಿ, ಕಸ ಕಟ್ಟಿದ್ದರೆ ನೋಡಿಕೊಳ್ಳುವವರಿಗೆ ತಿಳಿಸಿ. ಕೈಯಿಂದ ಅಳೆಯುವ ಕೆಲಸ ತಮ್ಮ ಪಾಲಿಗೆ ಬಂದಿದ್ದರೆ, ಪುಸ್ತಕದ ಕೊನೆಯಲ್ಲಿ ಷರಾ ಎಂಬ ಅಗಲವಾದ ಖಾನೆಯೊಂದಿರುತ್ತದೆ. ಆ ಕಾರ್ತಿಕದ ಮುಂಚಿನ ನನ್ನ ಪುಸ್ತಕಗಳಲ್ಲೆಲ್ಲ ಅದು ಖಾಲಿ. ಆಮೇಲಿನವುಗಳಲ್ಲಿ ವರ್ಷಕ್ಕೆ ಮೂರು ನಾಲ್ಕು ಕಡೆ "ಅಳೆದಿಲ್ಲ" ಎಂದು ಬರೆದು, ಕಾರಣವನ್ನೂ ಬರೆದು ಸಹಿ ಹಾಕಿದ್ದೇನೆ.